ಎಂಟಡಿ ಬಾಡಿಯೋ, ಒಂಬತ್ತಡಿಯೋ? ಪಿಕಪ್ ಕೊಳ್ಳುವವರ ಪ್ರಶ್ನೆಗಳಿಗೆ ಉತ್ತರ

ಸರಕು ಸಾಗಣೆಯ ಸಣ್ಣ ಗಾಡಿ ಕೊಳ್ಳಲು ಹೊರಟಿರುವ ಓದುಗರು ಈ ತಿಂಗಳು ಬರೆದ ಪತ್ರಗಳಲ್ಲಿ ಆರನ್ನು ಇಲ್ಲಿ ಆರಿಸಿಕೊಂಡಿದ್ದೇನೆ. ಎಲ್ಲರೂ ಕೇಳಿರುವುದು ಮೈಲೇಜಿನ ಬಗ್ಗೆಯೇ ಆದರೂ ಒಬ್ಬೊಬ್ಬರ ಲೋಡೂ ಒಬ್ಬೊಬ್ಬರ ದಾರಿಯೂ ಬೇರೆಯಾದ್ದರಿಂದ ಉತ್ತರವೂ ಬೇರೆಯಾಗಿದೆ.

ಪ್ರಶ್ನೆ: ನಾನು ಕೋಲಾರ ತಾಲೂಕಿನ ಟೊಮೆಟೊ ಬೆಳೆಗಾರ. ನಮ್ಮದೂ ಅಕ್ಕಪಕ್ಕದ ತೋಟದವರದೂ ಸೇರಿ ಒಂದು ಸಲಕ್ಕೆ 80 ಕ್ರೇಟ್ ಆಗುತ್ತದೆ. ವಾರಕ್ಕೆ ಎರಡು ಸಲ ಚೆನ್ನೈಗೆ, ಉಳಿದ ದಿನ ಕೋಲಾರದ ಎಪಿಎಂಸಿಗೆ ಹಾಕುತ್ತೇವೆ. ಎಂಟಡಿ ಬಾಡಿಯ ಗಾಡಿ ಹಗುರವಾದ್ದರಿಂದ ಡೀಸೆಲ್ ಕಡಿಮೆ ಕುಡಿಯುತ್ತದೆ ಎಂದು ಷೋರೂಮಿನವರು ಹೇಳುತ್ತಾರೆ. ಒಂಬತ್ತಡಿಯದನ್ನು ತೆಗೆದುಕೊಂಡರೆ ಮೈಲೇಜು ಬಿದ್ದುಹೋಗುತ್ತದೆಯೇ? ಎಂಜಿನ್ 1.5 ಲೀಟರಿನದು ಸಾಕೇ, 2.5 ಲೀಟರಿನದೇ ಬೇಕೇ?

ಉತ್ತರ: ಷೋರೂಮಿನವರು ಹೇಳಿದ್ದು ಸುಳ್ಳಲ್ಲ, ಆದರೆ ಅದು ಖಾಲಿ ಗಾಡಿಯ ಮಾತು. ಬಾಡಿ ಒಂದಡಿ ಉದ್ದವಾದರೆ ಕಬ್ಬಿಣದ ತೂಕ ಸುಮಾರು ಐವತ್ತು ಕಿಲೋ ಕೂಡುತ್ತದೆ ಎಂದೇ ಇಟ್ಟುಕೊಳ್ಳೋಣ. ಡಾಂಬರು ರಸ್ತೆಯ ಮೇಲೆ ಟೈರು ಉರುಳುವಾಗ ಎದುರಾಗುವ ತಡೆ ಒಟ್ಟು ತೂಕದ ನೂರರಲ್ಲೊಂದು ಪಾಲಿಗಿಂತ ತುಸು ಹೆಚ್ಚು. ಒಂದು ಲೀಟರ್ ಡೀಸೆಲಿನಲ್ಲಿ ಸುಮಾರು 36 ಮೆಗಾಜೂಲ್ ಶಕ್ತಿಯಿದ್ದರೂ ಅದರಲ್ಲಿ ಚಕ್ರದವರೆಗೆ ಬಂದು ತಲುಪುವುದು ಹತ್ತು, ಹನ್ನೊಂದು ಮೆಗಾಜೂಲ್ ಮಾತ್ರ. ಉಳಿದದ್ದು ರೇಡಿಯೇಟರಿನಲ್ಲೂ ಸೈಲೆನ್ಸರಿನಲ್ಲೂ ಬಿಸಿಯಾಗಿ ಹೋಗುತ್ತದೆ. ಇವೆರಡನ್ನೂ ಹಿಡಿದು ಲೆಕ್ಕ ಹಾಕಿದರೆ, ಆ ಐವತ್ತು ಕಿಲೋ ಕಬ್ಬಿಣಕ್ಕಾಗಿ ಸಮತಟ್ಟಾದ ರಸ್ತೆಯಲ್ಲಿ 100 ಕಿಲೋಮೀಟರಿಗೆ ಹೆಚ್ಚಾಗಿ ಉರಿಯುವ ಡೀಸೆಲ್ ಐವತ್ತರಿಂದ ಅರವತ್ತು ಮಿಲಿಲೀಟರ್, ಅಂದರೆ ಅರ್ಧ ಲೋಟ ಕಾಫಿಯಷ್ಟು.

ಈಗ ನಿಮ್ಮ ಕ್ರೇಟಿಗೆ ಬರೋಣ. ಮಾರುಕಟ್ಟೆಯಲ್ಲಿ ಬಳಕೆಯಲ್ಲಿರುವ ಪ್ಲಾಸ್ಟಿಕ್ ಕ್ರೇಟು ಸುಮಾರು 54 ಸೆಂಟಿಮೀಟರ್ ಉದ್ದ, 36 ಅಗಲ, 29 ಎತ್ತರ. ಬಾಡಿಯ ಅಡ್ಡಕ್ಕೆ ಕ್ರೇಟಿನ ಉದ್ದವನ್ನಿಟ್ಟರೆ ಒಂದು ಸಾಲಿಗೆ ಮೂರು ಹಿಡಿಯುತ್ತವೆ. ಎಂಟಡಿಯೆಂದರೆ 244 ಸೆಂಟಿಮೀಟರ್. ಅದರಲ್ಲಿ ಆರು ಸಾಲು ನಿಲ್ಲುತ್ತದೆ, ಏಳನೆಯದಕ್ಕೆ ಬೇಕಾದದ್ದು 252. ಬೆಳಗಿನ ಜಾವ ಎಪಿಎಂಸಿ ಅಂಗಳದಲ್ಲಿ ನಿಂತು ನೋಡಿದರೆ ಇದು ಕಣ್ಣಿಗೇ ಕಾಣುತ್ತದೆ: ಹಮಾಲಿ ಏಳನೇ ಸಾಲಿನ ಕ್ರೇಟನ್ನು ಮೊಣಕಾಲಿನಿಂದ ಒತ್ತಿ ತಳ್ಳುತ್ತಾನೆ, ಅದು ಬಾಡಿಯ ಅಂಚಿನಿಂದ ನಾಲ್ಕು ಬೆರಳಗಲ ಆಚೆಗೆ ಚಾಚಿಕೊಂಡೇ ನಿಲ್ಲುತ್ತದೆ, ಹಿಂಬಾಗಿಲು ಮುಚ್ಚುವುದಿಲ್ಲ. ಆತ ಅದನ್ನು ಎತ್ತಿ ಮೇಲಕ್ಕೆ ಹಾಕುತ್ತಾನೆ. ನಿಮ್ಮ ಡೀಸೆಲ್ ಹೆಚ್ಚಾಗಿ ಸೋರಿಹೋಗುವುದು ಆ ನಾಲ್ಕು ಬೆರಳಿನಲ್ಲಿ.

ಹೇಗೆಂದರೆ, ಎಂಟಡಿ ಬಾಡಿಯಲ್ಲಿ ಒಂದು ಅಂತಸ್ತಿಗೆ 18 ಕ್ರೇಟು, ನಾಲ್ಕು ಅಂತಸ್ತಿಗೆ 72. ಉಳಿದ ಎಂಟು ಐದನೇ ಅಂತಸ್ತಿಗೆ ಹೋಗುತ್ತವೆ. ಒಂಬತ್ತಡಿಯಲ್ಲಿ ಅಂತಸ್ತಿಗೆ 21, ನಾಲ್ಕಕ್ಕೆ 84, ಅಲ್ಲಿಗೆ ನಿಮ್ಮ ಎಂಬತ್ತೂ ಮುಗಿಯಿತು. ಸಾಮಾನ್ಯ ಪಿಕಪ್ಪಿನಲ್ಲಿ ನಾಲ್ಕು ಅಂತಸ್ತಿನ ತಲೆ ಹೆಚ್ಚೂ ಕಡಿಮೆ ಕ್ಯಾಬಿನ್ನಿನ ಮಟ್ಟಕ್ಕೆ ಬರುತ್ತದೆ, ಐದನೆಯದು ಅದರ ಮೇಲೆ ಒಂದಡಿಯ ಗೋಡೆಯಂತೆ ಗಾಳಿಗೆ ಎದೆಯೊಡ್ಡಿ ನಿಲ್ಲುತ್ತದೆ. ಆ ಗೋಡೆ ಅರ್ಧ ಚದರ ಮೀಟರಿನಷ್ಟೇ. ಆದರೆ ಗಂಟೆಗೆ 80 ಕಿಲೋಮೀಟರ್ ವೇಗದಲ್ಲಿ ಅದನ್ನು ಗಾಳಿಯೊಳಗೆ ನುಗ್ಗಿಸಿಕೊಂಡು ಹೋಗಲು 100 ಕಿಲೋಮೀಟರಿಗೆ ಹತ್ತಿರ ಹತ್ತಿರ ಒಂದು ಲೀಟರ್ ಡೀಸೆಲ್ ಬೇಕು. ಚೆನ್ನೈಗೆ ಸುಮಾರು 270 ಕಿಲೋಮೀಟರ್. ಹೋಗುವ ದಾರಿಯಲ್ಲೇ ಎರಡೂವರೆ ಲೀಟರ್ ಹೆಚ್ಚು. ಬರುವಾಗಲೂ ತಪ್ಪಿದ್ದಲ್ಲ, ಏಕೆಂದರೆ ಒಂದರೊಳಗೊಂದು ಕೂರದ ಕ್ರೇಟುಗಳು ಖಾಲಿಯಾದರೂ ಅಷ್ಟೇ ಎತ್ತರಕ್ಕೆ ನಿಲ್ಲುತ್ತವೆ. ಖಾಲಿ ಬರುವಾಗಲೂ ಮೈಲೇಜು ನಿರೀಕ್ಷಿಸಿದಷ್ಟು ಏರುವುದಿಲ್ಲ ಎಂದು ಅನೇಕ ಚಾಲಕರು ಬೇಸರಪಡುವುದಕ್ಕೆ ಇದೇ ಕಾರಣ: ಇಳಿದದ್ದು ತೂಕ, ಎತ್ತರವಲ್ಲ.

ಆದ್ದರಿಂದ ನಿಮಗೆ ಒಂಬತ್ತಡಿಯದೇ ಸರಿ. ಎಂಟೂವರೆ ಅಡಿಯ ಬಾಡಿ ಸಿಕ್ಕರೆ ಅದೂ ಆಗುತ್ತದೆ, ಏಕೆಂದರೆ ನಿಮಗೆ ಬೇಕಾದದ್ದು ಅಡಿಯಲ್ಲ, ಏಳನೇ ಸಾಲು. ಷೋರೂಮಿಗೆ ಹೋಗುವಾಗ ಟೇಪಿನ ಜೊತೆಗೆ ನಿಮ್ಮದೇ ಒಂದು ಕ್ರೇಟನ್ನೂ ತೆಗೆದುಕೊಂಡು ಹೋಗಿ, ಬಾಡಿಯ ಒಳಮೈಯನ್ನೇ ಅಳೆಯಿರಿ. ಅಗಲದಲ್ಲೂ ಮೂರು ಕ್ರೇಟಿಗೆ ಬೇಕಾದ 162 ಸೆಂಟಿಮೀಟರಿನ ಮೇಲೆ ಎರಡು ಬೆರಳಾದರೂ ಸಡಿಲವಿರಬೇಕು. ಇಲ್ಲವಾದರೆ ಬಿಸಿಲಿಗೆ ಉಬ್ಬಿದ, ಅಂಚು ಸೀಳಿದ ಕ್ರೇಟುಗಳು ಕೂರುವುದಿಲ್ಲ. ಕ್ರೇಟೊಂದರ ತೂಕ ಹಣ್ಣಿನದು 15 ಕಿಲೋ, ಪ್ಲಾಸ್ಟಿಕ್ಕಿನದು ಸುಮಾರು ಎರಡು ಎಂದರೂ ಎಂಬತ್ತಕ್ಕೆ 1,360 ಕಿಲೋ ಆಗುತ್ತದೆ. 1.3 ಟನ್ ಪಾಸಿಂಗಿನ (ಅಂದರೆ ಅಷ್ಟು ತೂಕ ಹೇರಲು ಅನುಮತಿಯಿರುವ) ಗಾಡಿ ಕೂದಲೆಳೆಯಲ್ಲಿ ಸಾಲದು. ಒಂದೂವರೆ ಟನ್ನಿನದನ್ನೇ ನೋಡಿ.

ಎಂಜಿನ್ ವಿಷಯದಲ್ಲಿ ಲೀಟರ್ ಸಂಖ್ಯೆಯನ್ನು ನೋಡಿ ಮೋಸಹೋಗಬೇಡಿ. ಟಾಟಾ ಇಂಟ್ರಾ ವಿ50ರ 1.5 ಲೀಟರ್ ಟರ್ಬೊ ಎಂಜಿನ್ 220 ನ್ಯೂಟನ್-ಮೀಟರ್ ಟಾರ್ಕ್ ಕೊಡುತ್ತದೆ. ಮಹೀಂದ್ರಾ ಬೊಲೆರೊ ಮ್ಯಾಕ್ಸ್ ಪಿಕಪ್ಪಿನ 2.5 ಲೀಟರ್ ಎಂಜಿನ್ ಕೊಡುವುದೂ ಮಾದರಿಗೆ ತಕ್ಕಂತೆ 200 ಅಥವಾ 220. ಎಳೆಯುವ ಬಲ ಹೀಗೆ ಸರಿಸಮವಾಗಿರುವಾಗ, ದೊಡ್ಡ ಎಂಜಿನ್ನಿನೊಳಗಿನ ಭಾರದ ಪಿಸ್ಟನ್ನುಗಳನ್ನು ಸುಮ್ಮನೆ ಮೇಲೆ ಕೆಳಗೆ ಆಡಿಸುವುದಕ್ಕೇ ಹೆಚ್ಚು ಇಂಧನ ಖರ್ಚಾಗುತ್ತದೆ, ಮುಖ್ಯವಾಗಿ ಖಾಲಿ ಬರುವಾಗ ಮತ್ತು ನಿಂತಲ್ಲೇ ಆನ್ ಮಾಡಿ ಇಟ್ಟಾಗ. ನಿಮಗೆ ಇನ್ನೊಂದು ಅನುಕೂಲವೂ ಇದೆ. ಕೋಲಾರ ಸಮುದ್ರಮಟ್ಟಕ್ಕಿಂತ 800 ಮೀಟರಿಗೂ ಎತ್ತರದಲ್ಲಿದೆ, ಚೆನ್ನೈ ಕಡಲ ತೀರದಲ್ಲಿದೆ. ತುಂಬಿದ ಗಾಡಿ ಇಳಿದು ಹೋಗುತ್ತದೆ, ಖಾಲಿ ಗಾಡಿ ಹತ್ತಿ ಬರುತ್ತದೆ. ಇಂಥ ದಾರಿಗೆ 1.5 ಲೀಟರ್ ಧಾರಾಳವಾಗಿ ಸಾಕು.

ಪ್ರಶ್ನೆ: ಮಂಗಳೂರಿನ ದಕ್ಕೆಯಿಂದ ಸಕಲೇಶಪುರ, ಹಾಸನಕ್ಕೆ ಮೀನು ಒಯ್ಯುತ್ತೇನೆ. ಪೆಟ್ಟಿಗೆ, ಐಸು ಎಲ್ಲ ಸೇರಿ ಲೋಡು 1,200 ಕಿಲೋ. ಘಾಟಿಗೆ ದೊಡ್ಡ ಎಂಜಿನ್ನೇ ಬೇಕು, ಸಣ್ಣದು ಏದುಸಿರು ಬಿಟ್ಟು ಹೆಚ್ಚು ಡೀಸೆಲ್ ಕುಡಿಯುತ್ತದೆ ಎನ್ನುತ್ತಾರೆ. ನಿಜವೇ?

ಉತ್ತರ: ಮೇಲಿನ ಪತ್ರದವರದೂ ನಿಮ್ಮದೂ ಒಂದೇ ರಾಷ್ಟ್ರೀಯ ಹೆದ್ದಾರಿ, 75, ಆದರೆ ಅವರು ತುಂಬಿಕೊಂಡು ಇಳಿಯುತ್ತಾರೆ, ನೀವು ತುಂಬಿಕೊಂಡು ಹತ್ತುತ್ತೀರಿ. ಆದ್ದರಿಂದ ಅವರಿಗೆ ಹೇಳಿದ್ದನ್ನು ನಿಮಗೆ ಹೇಳಲಾರೆ.

ಗಾಡಿಯೂ ಲೋಡೂ ಸೇರಿ ಮೂರು ಟನ್ ಎಂದಿಟ್ಟುಕೊಳ್ಳಿ. ಕಡಲ ಮಟ್ಟದಿಂದ ಸಕಲೇಶಪುರಕ್ಕೆ ಸುಮಾರು 900 ಮೀಟರ್ ಏರಿಕೆ. ಆ ಮೂರು ಟನ್ನನ್ನು ಅಷ್ಟು ಎತ್ತರಕ್ಕೆ ಎತ್ತುವುದಕ್ಕೇ 26 ಮೆಗಾಜೂಲ್ ಬೇಕು, ಅಂದರೆ ಸುಮಾರು ಎರಡೂವರೆ ಲೀಟರ್ ಡೀಸೆಲ್. ಟೈರಿನ ತಡೆ, ಗಾಳಿಯ ತಡೆ ಇದಕ್ಕೆ ಹೊರತು. ಈ ಖರ್ಚನ್ನು ಯಾವ ಕಂಪನಿಯ ಯಾವ ಎಂಜಿನ್ನೂ ಉಳಿಸಿಕೊಡಲಾರದು, ಏಕೆಂದರೆ ಅದು ಬೆಟ್ಟಕ್ಕೆ ಸಲ್ಲುವ ಖರ್ಚು. ಎಂಜಿನ್ನು ಮಾಡಬಹುದಾದದ್ದು ಇಷ್ಟೇ: ಆ ಕೆಲಸವನ್ನು ತನ್ನ ಹದವಾದ ವೇಗದಲ್ಲಿ ಮಾಡಿ ಮುಗಿಸುವುದು. ಈಗಿನ ಟರ್ಬೊ ಡೀಸೆಲ್ ಎಂಜಿನ್ನು ಸಾಮಾನ್ಯವಾಗಿ ನಿಮಿಷಕ್ಕೆ 1,600ರಿಂದ 2,400 ಸುತ್ತಿನ ನಡುವೆ ಚೆನ್ನಾಗಿ ತುಂಬಿ ದುಡಿಯುವಾಗ ಇಂಧನವನ್ನು ಅತ್ಯಂತ ಮಿತವಾಗಿ ಬಳಸುತ್ತದೆ. ಮೂರು ಸಾವಿರ ದಾಟಿ ಎರಡನೇ ಗೇರಿನಲ್ಲಿ ಕಿರುಚಿಕೊಂಡು ಹತ್ತುವಾಗ ಅದೇ ಕೆಲಸಕ್ಕೆ ಹೆಚ್ಚು ಡೀಸೆಲ್ ಸುಡುತ್ತದೆ. ನಿಮಗೆ ಹೇಳಿದವರು ಕಂಡದ್ದು ಇದನ್ನೇ ಇರಬೇಕು. ಅಲ್ಲಿ ಕುಂದು ಎಂಜಿನ್ ಸಣ್ಣದಾದದ್ದಲ್ಲ, ಅದರ ಟಾರ್ಕಿಗೆ ಮೀರಿದ ತೂಕ ಹೇರಿದ್ದು.

ಹಾಗಾಗಿ ಕಾಗದದ ಮೇಲೆ ತೀರ್ಮಾನಿಸಬೇಡಿ. ಟೆಸ್ಟ್ ಡ್ರೈವಿಗೆ ಗಾಡಿ ಕೊಡುವವರನ್ನು ಒಪ್ಪಿಸಿ ಮರಳಿನ ಚೀಲವನ್ನಾದರೂ ಸರಿ 1,200 ಕಿಲೋ ಹೇರಿಸಿ, ಗುಂಡ್ಯದಿಂದ ಮೇಲಕ್ಕೆ ಹತ್ತಿಸಿ ನೋಡಿ. ಏರಿನ ಬಹುಪಾಲನ್ನು ಗಂಟೆಗೆ ಮೂವತ್ತೈದು, ನಲವತ್ತು ಕಿಲೋಮೀಟರ್ ವೇಗದಲ್ಲಿ ಮೂರನೇ ಗೇರು ಹಿಡಿದುಕೊಂಡು ಹೋದರೆ ಆ ಎಂಜಿನ್ ನಿಮಗೆ ಸಾಕು. ಮತ್ತೆ ಮತ್ತೆ ಎರಡಕ್ಕೆ ಇಳಿಸಬೇಕಾಗಿ ಬಂದರೆ ಒಂದು ಮೆಟ್ಟಿಲು ಮೇಲಿನದಕ್ಕೆ ಹೋಗಿ. ನನ್ನ ಅಂದಾಜಿನಲ್ಲಿ 200 ನ್ಯೂಟನ್-ಮೀಟರಿಗಿಂತ ಹೆಚ್ಚಿನ ಟಾರ್ಕಿರುವ 1.5 ಲೀಟರ್ ಎಂಜಿನ್ನು ನಿಮ್ಮ 1,200 ಕಿಲೋವನ್ನು ಆಯಾಸವಿಲ್ಲದೆ ಎತ್ತುತ್ತದೆ. ದಿನವೂ ಒಂದೂಮುಕ್ಕಾಲು ಟನ್ ಹೇರುವವರಾಗಿದ್ದರೆ 2.5 ಲೀಟರಿನದನ್ನೇ ಹೇಳುತ್ತಿದ್ದೆ.

ನೀವು ಕೇಳದೇ ಇದ್ದರೂ ಒಂದು ಮಾತು ಹೇಳಲೇಬೇಕು. ಕಿಲೋ ಮೀನಿಗೆ ಕಿಲೋ ಐಸು ಎಂಬುದು ಸಾಮಾನ್ಯ ರೂಢಿ, ಅಂದರೆ ನಿಮ್ಮ ಲೋಡಿನಲ್ಲಿ ಅರ್ಧದಷ್ಟು ನೀರೇ. ಗೋಡೆ ದಪ್ಪವಿರುವ, ಮುಚ್ಚಳ ಬಿಗಿಯಾಗಿ ಕೂರುವ ಒಳ್ಳೆಯ ಪೆಟ್ಟಿಗೆಗಳಿಂದ 200 ಕಿಲೋ ಐಸು ಉಳಿಸಿದರೂ ಹಾಸನದವರೆಗಿನ ಒಂದು ಓಟಕ್ಕೆ ಸುಮಾರು ಅರ್ಧ ಲೀಟರ್ ಡೀಸೆಲ್ ಉಳಿಯುತ್ತದೆ. ಗಾಡಿ ಬದಲಿಸದೆಯೇ ಆಗುವ ಉಳಿತಾಯ ಇದು.

ಬಾಡಿಯ ಉದ್ದ ನಿಮಗೆ ಅಷ್ಟು ಮುಖ್ಯವಲ್ಲ, ಮೀನೂ ಐಸೂ ತೂಕದ ಸರಕು. ಬಾಡಿ ತುಂಬುವ ಮೊದಲೇ ಪಾಸಿಂಗ್ ತುಂಬುತ್ತದೆ. ಮಳೆಗಾಲದಲ್ಲಿ ಶಿರಾಡಿ ಮುಚ್ಚಿದಾಗ ಚಾರ್ಮಾಡಿಯ ತಿರುವುಗಳಲ್ಲಿ ಹೋಗಬೇಕಾಗಬಹುದು, ಅಲ್ಲಿ ಎಂಟಡಿ ಬಾಡಿಯ ಗಿಡ್ಡ ಗಾಡಿ ಸಲೀಸಾಗಿ ತಿರುಗುತ್ತದೆ. ಭಾರದ ಪೆಟ್ಟಿಗೆಗಳನ್ನು ಕ್ಯಾಬಿನ್ನಿನ ಬೆನ್ನಿಗೇ ಆನಿಸಿ ಇಡಿ. ಹಿಂದಿನ ಚಕ್ರದಾಚೆ ಇಟ್ಟರೆ ಏರಿನಲ್ಲಿ ಮುಂಭಾಗ ಹಗುರವಾಗಿ ಸ್ಟೀರಿಂಗು ಹಿಡಿತ ಕಳೆದುಕೊಳ್ಳುತ್ತದೆ. ಖಾಲಿ ಇಳಿಯುವಾಗ ನ್ಯೂಟ್ರಲ್ ಮಾಡುವ ಅಭ್ಯಾಸವಿದ್ದರೆ ದಯವಿಟ್ಟು ಇಂದೇ ಬಿಡಿ. ಹೊಗೆ ಮಾಲಿನ್ಯದ ಬಿಎಸ್-6 ಮಾನದಂಡಕ್ಕೆ ತಕ್ಕ ಎಂಜಿನ್ನುಗಳಲ್ಲಿ ಗೇರಿನಲ್ಲಿಟ್ಟು ಆಕ್ಸಿಲರೇಟರಿನಿಂದ ಕಾಲು ತೆಗೆದರೆ ಇಂಧನದ ಪೂರೈಕೆಯೇ ನಿಂತುಬಿಡುತ್ತದೆ. ನ್ಯೂಟ್ರಲ್ಲಿನಲ್ಲಿ ಎಂಜಿನ್ನು ಉಸಿರಾಡುವುದಕ್ಕೆ ಡೀಸೆಲ್ ಹೋಗುತ್ತಲೇ ಇರುತ್ತದೆ, ಬ್ರೇಕೂ ಕಾದು ಕೈಕೊಡುತ್ತದೆ.

ಪ್ರಶ್ನೆ: ಬ್ಯಾಡಗಿಯಿಂದ ಹುಬ್ಬಳ್ಳಿಗೆ ಒಣಮೆಣಸಿನಕಾಯಿ ಚೀಲ ಸಾಗಿಸುತ್ತೇನೆ. ಲೋಡು ಹಗುರ, ಆದರೆ ಜಾಗ ಸಾಲುವುದಿಲ್ಲ. ಎಂಟಡಿ ಬಾಡಿಯ ಗಾಡಿ ಕೊಂಡು ಮೇಲೆ ಕಬ್ಬಿಣದ ಚೌಕಟ್ಟು ಕಟ್ಟಿಸಿ ಒಂದು ಮೀಟರ್ ಎತ್ತರಿಸಿದರೆ ಹೇಗೆ?

ಉತ್ತರ: ಬೇಡ. ಕ್ಯಾಬಿನ್ನಿನ ಮೇಲೆ ಒಂದು ಮೀಟರ್ ಎತ್ತರದ ಲೋಡು ನಿಂತರೆ, ಗಂಟೆಗೆ 80 ಕಿಲೋಮೀಟರ್ ವೇಗದಲ್ಲಿ ಅದೊಂದಕ್ಕೇ 100 ಕಿಲೋಮೀಟರಿಗೆ ಮೂರು ಲೀಟರಿಗಿಂತ ಹೆಚ್ಚು ಡೀಸೆಲ್ ಹೋಗುತ್ತದೆ. ನಿಮ್ಮಂಥ ಹಗುರ ಸರಕಿನವರಿಗೆ ಗಾಳಿಯೇ ಮುಖ್ಯ ಹೊರೆ, ಮೆಣಸಿನಕಾಯಿಯಲ್ಲ. ಬಯಲು ಸೀಮೆಯ ಅಡ್ಡಗಾಳಿಗೆ ಅಂಥ ಗಾಡಿ ಹೇಗೆ ತೊನೆದಾಡುತ್ತದೆಂಬುದನ್ನು ಓಡಿಸಿದವರೇ ಬಲ್ಲರು. ಕಾನೂನೂ ಒಪ್ಪುವುದಿಲ್ಲ: ತಯಾರಕರು ಕೊಟ್ಟ ವಿವರಕ್ಕೆ ಹೊಂದದ ಮಾರ್ಪಾಡನ್ನು ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ತಡೆಯುತ್ತದೆ, ಅನುಮತಿಸಿದ ಎತ್ತರ ಮೀರಿ ಅಥವಾ ಬಾಡಿಯಿಂದಾಚೆಗೆ ಚಾಚುವಂತೆ ಹೇರಿದರೆ 2019ರ ತಿದ್ದುಪಡಿಯಂತೆ ದಂಡ 20,000 ರೂಪಾಯಿ.

ಸಣ್ಣ ಎಂಜಿನ್ನಿಗೆ ಉದ್ದ ಬಾಡಿ ಎಂಬ ಜೋಡಿ ಯಾರಿಗಾದರೂ ಸರಿಹೊಂದುವುದಿದ್ದರೆ ಅದು ನಿಮಗೇ. ಸುಮಾರು ಹತ್ತಡಿಯ ಬಾಡಿ, 1.5 ಲೀಟರ್ ಎಂಜಿನ್ನು, ಚೀಲಗಳು ಕ್ಯಾಬಿನ್ನಿನ ಮಟ್ಟಕ್ಕೆ ಅಥವಾ ಅದಕ್ಕಿಂತ ಒಂದು ಗೇಣು ಮೇಲೆ, ಅದರ ಮೇಲೆ ಪಟಪಟಿಸದಂತೆ ಬಿಗಿದು ಕಟ್ಟಿದ ಟಾರ್ಪಾಲು. ನಾಲ್ಕು ಪಥದ ಹೆದ್ದಾರಿಯಲ್ಲಿ 80ಕ್ಕೆ ಓಡಿಸುವ ಆಸೆಯನ್ನು 60ಕ್ಕೆ ಇಳಿಸಿ. ಗಾಳಿಯ ತಡೆ ವೇಗದ ವರ್ಗಕ್ಕೆ ತಕ್ಕಂತೆ ಏರುವುದರಿಂದ 80ರಲ್ಲಿ ಅದು 60ರಲ್ಲಿದ್ದುದರ ಒಂದೂಮುಕ್ಕಾಲು ಪಟ್ಟಿಗಿಂತಲೂ ಹೆಚ್ಚಾಗುತ್ತದೆ. ಹುಬ್ಬಳ್ಳಿಗೆ ಅರ್ಧ ಗಂಟೆಯೊಳಗಿನ ತಡಕ್ಕೆ ಸಿಗುವ ಪ್ರತಿಫಲ ಕಡಿಮೆಯದಲ್ಲ.

ಪ್ರಶ್ನೆ: ಬೆಂಗಳೂರಿನಲ್ಲಿ ಮನೆಮನೆಗೆ ನೀರಿನ ಕ್ಯಾನ್ ಹಾಕುವ ಕೆಲಸ. ದಿನಕ್ಕೆ ನಲವತ್ತು ಕಿಲೋಮೀಟರ್, ನೂರು ಕಡೆ ನಿಲ್ಲಿಸಬೇಕು. ಡೀಸೆಲ್ ತೆಗೆದುಕೊಳ್ಳಲೇ, ಸಿಎನ್‌ಜಿ ತೆಗೆದುಕೊಳ್ಳಲೇ?

ಉತ್ತರ: ಡೀಸೆಲ್ ಖಂಡಿತ ಬೇಡ. ಬಿಎಸ್-6 ಡೀಸೆಲ್ ಗಾಡಿಗಳ ಹೊಗೆಯ ಕೊಳವೆಯಲ್ಲಿ ಮಸಿ ಹಿಡಿಯುವ ಫಿಲ್ಟರ್ ಇರುತ್ತದೆ. ಆ ಮಸಿ ಸುಟ್ಟುಹೋಗಲು ಗಾಡಿ ಆಗಾಗ ಹೆದ್ದಾರಿಯ ವೇಗದಲ್ಲಿ ಸ್ವಲ್ಪ ಹೊತ್ತು ಓಡಬೇಕು. ಗಲ್ಲಿಯಿಂದ ಗಲ್ಲಿಗೆ ನಿಂತು ಹೋಗುವ ಗಾಡಿಯಲ್ಲಿ ಅದು ಕಟ್ಟಿಕೊಂಡು, ಶುಚಿಗೊಳಿಸಲೆಂದೇ ಎಂಜಿನ್ನು ಹೆಚ್ಚುವರಿ ಡೀಸೆಲ್ ಸುರಿಯುತ್ತದೆ. ಸಿಎನ್‌ಜಿಯಲ್ಲಿ ಈ ತೊಡಕಿಲ್ಲ. ಆದರೆ ಸಿಲಿಂಡರಿನ ತೂಕ ನಿಮ್ಮ ಪಾಸಿಂಗಿನಲ್ಲಿ ಕಳೆಯುತ್ತದೆ, ಮೂರು ವರ್ಷಕ್ಕೊಮ್ಮೆ ಅದನ್ನು ಪರೀಕ್ಷೆ ಮಾಡಿಸಬೇಕು, ಬಂಕಿನ ಸಾಲಿನಲ್ಲಿ ಕಾಯುವ ಸಮಯವನ್ನೂ ಖರ್ಚಿನಲ್ಲಿ ಬರೆದುಕೊಳ್ಳಬೇಕು.

ನಿಮ್ಮ ಕೆಲಸಕ್ಕೆ ನಿಜವಾಗಿ ಹೊಂದುವುದು ವಿದ್ಯುತ್ ಗಾಡಿ. ಎರಡು ಟನ್ ತೂಗುವ ಗಾಡಿಯನ್ನು 40ರ ವೇಗಕ್ಕೆ ತಂದು ನಿಲ್ಲಿಸುವುದನ್ನು ದಿನಕ್ಕೆ ನೂರು ಸಲ ಮಾಡಿದರೆ, ಒಂದು ಲೀಟರಿಗೂ ಮಿಕ್ಕಿದ ಡೀಸೆಲಿನ ದುಡಿಮೆ ಬರೀ ಬ್ರೇಕಿನ ಬಿಸಿಯಾಗಿ ಹೋಗುತ್ತದೆ. ವಿದ್ಯುತ್ ಗಾಡಿ ಅದರಲ್ಲಿ ಒಂದು ಪಾಲನ್ನು ಬ್ಯಾಟರಿಗೆ ಹಿಂದಿರುಗಿಸುತ್ತದೆ, ನಿಂತಲ್ಲಿ ಏನನ್ನೂ ಸುಡುವುದಿಲ್ಲ. 2005ರಲ್ಲಿ ಎರಡು ಸಿಲಿಂಡರಿನ ಡೀಸೆಲ್ ಎಂಜಿನ್ನಿನೊಂದಿಗೆ ಬಂದ ಟಾಟಾ ಏಸ್‌ಗೆ 2022ರಲ್ಲಿ ವಿದ್ಯುತ್ ರೂಪವೂ ಬಂದಿದೆ. ರಾತ್ರಿ ಗಾಡಿ ನಿಲ್ಲಿಸುವ ಜಾಗದಲ್ಲಿ ಚಾರ್ಜಿಂಗ್ ವ್ಯವಸ್ಥೆ ಮಾಡಿಕೊಳ್ಳಲು ಸಾಧ್ಯವೇ ಎಂಬುದನ್ನು ಮೊದಲು ನೋಡಿಕೊಳ್ಳಿ. ಇಲ್ಲವಾದರೆ ಸಿಎನ್‌ಜಿಯೇ ಸರಿ. ಬಾಡಿ ಏಳಡಿಯದು ಸಾಕು, ಗಲ್ಲಿಯಲ್ಲಿ ತಿರುಗಿಸಲು ಸುಲಭ.

ಪ್ರಶ್ನೆ: ಖಾಲಿ ಬರುವಾಗ ಹಿಂಬಾಗಿಲು ತೆಗೆದಿಟ್ಟರೆ ಗಾಳಿ ಹಾದುಹೋಗಿ ಮೈಲೇಜು ಏರುತ್ತದೆ ಎನ್ನುತ್ತಾರೆ. ಹೌದೇ? (ಶಿರಾ)

ಉತ್ತರ: ಇಲ್ಲ. ಬಾಗಿಲು ಮುಚ್ಚಿದ್ದಾಗ ಬಾಡಿಯೊಳಗೆ ಗಾಳಿಯ ಒಂದು ಸುಳಿ ನಿಂತಲ್ಲೇ ಸುತ್ತುತ್ತಿರುತ್ತದೆ. ಕ್ಯಾಬಿನ್ನಿನ ಮೇಲಿನಿಂದ ಬರುವ ಗಾಳಿ ಅದರ ಬೆನ್ನ ಮೇಲೆ ಜಾರಿಕೊಂಡು ಹಿಂದಕ್ಕೆ ಹೋಗುತ್ತದೆ. ಬಾಗಿಲು ತೆಗೆದರೆ ಆ ಸುಳಿ ಒಡೆಯುತ್ತದೆ. ಮುಚ್ಚಿಯೇ ಇಡಿ.

ಪ್ರಶ್ನೆ: ಕಂಪನಿ ಹೇಳಿದ ಮೈಲೇಜು ನನ್ನ ಹೊಸ ಪಿಕಪ್ಪಿಗೆ ಬರುತ್ತಿಲ್ಲ. ಸರಿಯಾಗಿ ಅಳೆಯುವುದು ಹೇಗೆ? (ದಾವಣಗೆರೆ)

ಉತ್ತರ: ಒಂದೇ ಬಂಕಿನಲ್ಲಿ, ಒಂದೇ ಪಂಪಿನ ಬಳಿ, ಸಮತಟ್ಟಾದ ನೆಲದಲ್ಲಿ ಗಾಡಿ ನಿಲ್ಲಿಸಿ. ನಳಿಕೆ ಮೊದಲ ಸಲ ಟಕ್ ಎಂದು ನಿಂತಲ್ಲಿಗೆ ಸಾಕುಮಾಡಿಸಿ. ಕುತ್ತಿಗೆಯವರೆಗೆ ತುಂಬಿಸಲು ಹೋದರೆ ಸಲಕ್ಕೊಂದು ಅಳತೆ ಬರುತ್ತದೆ. ಟ್ರಿಪ್ ಮೀಟರನ್ನು ಸೊನ್ನೆಗೆ ತನ್ನಿ. ಹೀಗೆ ಮೂರು ಟ್ಯಾಂಕ್ ಓಡಿಸಿ, ಒಟ್ಟು ಕಿಲೋಮೀಟರನ್ನು ಒಟ್ಟು ಲೀಟರಿನಿಂದ ಭಾಗಿಸಿ. ಅಳತೆಗೆ ಮುನ್ನ, ಟೈರು ತಣ್ಣಗಿರುವಾಗಲೇ ಗಾಳಿ ನೋಡಿಸಿ: ಹೇಳಿದ್ದಕ್ಕಿಂತ ಐದನೇ ಒಂದು ಪಾಲು ಕಡಿಮೆ ಇದ್ದರೂ ಮೂರು ಟನ್ನಿನ ಗಾಡಿ 100 ಕಿಲೋಮೀಟರಿಗೆ ಕಾಲು ಲೀಟರಿಗಿಂತ ಹೆಚ್ಚು ಡೀಸೆಲನ್ನು ಅದಕ್ಕೇ ಕಳೆಯುತ್ತದೆ.

ಕಂಪನಿಯ ಅಂಕಿ ನಿಗದಿತ ತೂಕ, ನಿಗದಿತ ವೇಗದ ಪರೀಕ್ಷೆಯದು. ನಿಮ್ಮ ಪುಸ್ತಕದಲ್ಲಿ ಕಿಲೋಮೀಟರ್, ಲೀಟರುಗಳ ಪಕ್ಕದಲ್ಲಿ ಆ ದಿನ ಸಾಗಿಸಿದ ತೂಕಕ್ಕೂ ಒಂದು ಕಾಲಂ ಎಳೆಯಿರಿ. ಲೀಟರಿಗೆ 15 ಕಿಲೋಮೀಟರ್ ಕೊಟ್ಟು ಏಳುನೂರು ಕಿಲೋ ಒಯ್ಯುವ ಗಾಡಿಗಿಂತ, 12 ಕೊಟ್ಟು ಸಾವಿರದ ಮುನ್ನೂರು ಕಿಲೋ ಒಯ್ಯುವ ಗಾಡಿ ಕ್ವಿಂಟಲಿಗೆ ಕಡಿಮೆ ಡೀಸೆಲ್ ಸುಡುತ್ತದೆ. ಮೂರು ತಿಂಗಳು ಹೀಗೆ ಬರೆದು, ಆ ಹಾಳೆಯ ಒಂದು ನಕಲನ್ನು ನನಗೆ ಕಳುಹಿಸಿ. ಎಂಜಿನ್ನಿನಲ್ಲಿ ದೋಷವಿದೆಯೋ ಇಲ್ಲವೋ ಎಂಬುದನ್ನು ಆ ಅಂಕಿಗಳ ಮೇಲೆ ನೋಡೋಣ.